ಮಣಿಕಟ್ಟಿನ ಗುಳ್ಳೆಗಳು

ಬಿಳಿ, ಇದೆಷ್ಟು ಬಿಳಿ, ಡಾಕ್ಟರು ಪರದೆಯ ಮೇಲೆ ನನ್ನ ಮಣಿಕಟ್ಟನ್ನು ಬೆಳಗಿಸಿದ್ದಾರೆ, ಎಡಕ್ಕೆ ಆಪರೇಷನ್ ಆದ ತಿಂಗಳಿನ ಎಕ್ಸ್‌ರೇ, ಬಲಕ್ಕೆ ಇವತ್ತಿನದು, ಎಡಗಡೆ ಮೂಳೆಯ ಸೀಳನ್ನು ಹಿಡಿದುಕೊಂಡ ತೆಳ್ಳನೆಯ ಸ್ಕ್ರೂ, ಅದರ ಸುತ್ತ ಕರಿ ಗುಳ್ಳೆಗಳು, ಬಲಗಡೆ — ಏನೂ ಇಲ್ಲ, ಸ್ಕ್ರೂ ಇಲ್ಲ, ಗುಳ್ಳೆ ಇಲ್ಲ, ಸೀಳೂ ಇಲ್ಲ, ನೋಡಿ ಯೊನ್‌ಸಿಮ್ ಅವರೇ, ಮೆಗ್ನೀಷಿಯಂ ಪೂರ್ತಿ ಕರಗಿದೆ, ಅದಿದ್ದ ಜಾಗಕ್ಕೆ ನಿಮ್ಮದೇ ಮೂಳೆ ಬಂದು ಕೂತಿದೆ, ತೆಗೆಯೋಕೆ ಅಂತ ಇನ್ನೊಂದು ಸಲ ಕೊಯ್ಯಬೇಕಾಗಿಲ್ಲ, ಅನ್ನುತ್ತಾರೆ, ನನಗೆ ಹೇಳುತ್ತಾರೆ, ಚಾಂಗ್‌ವೊನ್ ಊರಿನ ಆ ಶೆಡ್ಡಿನಲ್ಲಿ ಒಂಬತ್ತು ವರ್ಷ ಇದೇ ಸ್ಕ್ರೂ ಕಡೆದವಳಿಗೆ, ಆದರೂ ಬಾಯಿ ತೆರೆದುಕೊಂಡು ನೋಡುತ್ತಿದ್ದೇನೆ, ಕೆಲಸಕ್ಕೆ ಸೇರಿದ ದಿನ ಇಂಜಿನಿಯರು ಒಂದು ಸ್ಕ್ರೂವನ್ನು ಉಪ್ಪುನೀರಿನ ಗ್ಲಾಸಿಗೆ ಬಿಟ್ಟು ಅದು ಕರಗುವುದನ್ನು ತೋರಿಸಿದ್ದ, ಒಂದು ಗುಳ್ಳೆ, ಮತ್ತೊಂದು ಗುಳ್ಳೆ, ಪಕ್ಕದಲ್ಲಿದ್ದ ಮಲ್‌ಸುನ್ ಅಕ್ಕ ಪಕ್ಕೆಗೆ ತಿವಿದು, ನನ್ನ ಗಂಡನೂ ಹಿಂಗೇ ಕಣೆ, ಸೋಜು ಬಾಟ್ಲಿ ಒಳಗೆ ಕರಗಿಹೋದ, ಒಂದು ಗುಳ್ಳೆನೂ ಬರಲಿಲ್ಲ — ಅವತ್ತು ನಕ್ಕಿದ್ದೆವು, ಎಂಥ ಲೋಹ ಅದು, ಕಡೆಯುವಾಗ ಉದುರುವ ಚೂರಿಗೆ ಕಿಡಿ ತಾಗಿದರೆ ಕಣ್ಣು ಬಿಡಲಾಗದಂತೆ ಉರಿಯುತ್ತದೆ, ನೀರು ಹಾಕಿದರೆ ಇನ್ನೂ ಏಳುತ್ತದೆ, ಒಣಮರಳಿಗಷ್ಟೇ ಬಗ್ಗುತ್ತದೆ, ಅಂಥದ್ದು ನನ್ನ ರಕ್ತದೊಳಗೆ ಸದ್ದಿಲ್ಲದೆ ಕೂತು, ಮುರಿದ ಎರಡು ತುಂಡನ್ನೂ ಹಿಡಿದು, ಇವು ಕೂಡಿಕೊಂಡವು ಎಂದು ಗೊತ್ತಾದಂತೆ ಚೂರುಚೂರೇ ಜಾಗ ಬಿಟ್ಟುಕೊಟ್ಟು ಹೊರಟುಹೋಗಿದೆ, ಯಾವ ಧಣಿ ಹಾಗೆ ಜಾಗ ಬಿಟ್ಟಾನು, ಯಾವ ಮೇಸ್ತ್ರಿ, ಮೇಸ್ತ್ರಿ ಟಾಕ್ ಬಾಗಿಲಾಚೆಯೇ ಕೂತಿದ್ದಾನೆ, ತೊಡೆಯ ಮೇಲೆ ಹಣ್ಣಿನ ರಸದ ಡಬ್ಬಿ, ಕೈ ಮುರಿದ ದಿನವೂ ಅವನೇ ಕರೆತಂದದ್ದು, ಆಂಬುಲೆನ್ಸ್ ಬೇಡ, ಅದು ಬಂದರೆ ದಾಖಲೆಯಾಗುತ್ತೆ, ನನ್ನ ಕಾರಲ್ಲೇ ಹೋಗೋಣ, ನೇತಾಡುವ ಕೈಯನ್ನು ಮಡಿಲಲ್ಲಿ ಮಲಗಿಸಿಕೊಂಡಿದ್ದೆ, ಪಾಪು ಥರ, ಅವನು ಸಿಗ್ನಲ್ಲಿನಲ್ಲಿ ನಿಂತು, ಬೆಟ್ಟ ಹತ್ತೋವಾಗ ಬಿದ್ದೆ ಅನ್ನು ಯೊನ್‌ಸಿಮ್, ಖರ್ಚೆಲ್ಲ ಕಂಪನಿದು, ನಮ್ಮದೇ ಸ್ಕ್ರೂ ಹಾಕಿಸ್ತೀವಿ, ನಾವೆಲ್ಲ ಒಂದು ಮನೆಯವರಲ್ವಾ — ಅಂದೆ, ಬೆಟ್ಟ ಅಂದೆ, ಭಾನುವಾರವೂ ಪಾಳಿ ಇರುವವಳಿಗೆ ಯಾವ ಬೆಟ್ಟ, ನನ್ನ ಕೈ ಮುರಿದದ್ದು ಎರಡನೇ ನಂಬರ್ ಯಂತ್ರ, ಅದರ ಬಾಗಿಲು ತೆರೆದರೆ ಅದು ತಾನೇ ನಿಲ್ಲಬೇಕು, ನಿಂತರೆ ದಿನದ ಸ್ಕ್ರೂ ಕಡಿಮೆಯಾಗುತ್ತದೆಂದು ಅದನ್ನು ನಿಲ್ಲಿಸುವ ಬಾಗಿಲ ಗುಂಡಿಗೆ ಟೇಪು ಸುತ್ತಿದ್ದರು, ಹಳದಿ ಟೇಪು, ಅದು ಇವತ್ತಿಗೂ ಹಾಗೇ ಇದೆ, ಮೊನ್ನೆ ಅದೇ ಎರಡನೇ ನಂಬರ್ ಯಂತ್ರ ಮಲ್‌ಸುನ್ ಅಕ್ಕನ ಕೈ ಎಳೆದುಕೊಂಡಿತು, ಇದೇ ಆಸ್ಪತ್ರೆಯಲ್ಲಿ ಎರಡು ಮಹಡಿ ಮೇಲೆ ಮಲಗಿದ್ದಾಳೆ, ಅವಳು ಬೆಟ್ಟ ಅನ್ನಲಿಲ್ಲ, ನನ್ನ ಮಂಡಿ ನೋಡಿದೀರಾ ಸಾರ್, ಮೆಟ್ಲೇ ಹತ್ತಲ್ಲ, ಬೆಟ್ಟ ಎಲ್ಲಿ ಹತ್ತಲಿ, ಅಂದಳಂತೆ ಟಾಕ್‌ಗೆ, ಅದಕ್ಕೆ ಅವನು, ಹಂಗಾದ್ರೆ ನಿನ್ನದೇ ತಪ್ಪು ಅಕ್ಕಾ, ಆ ಯಂತ್ರ ಈವರೆಗೆ ಯಾರ ಕೂದಲೂ ಕೊಂಕಿಸಿಲ್ಲ, ಕಾರ್ಮಿಕ ಇಲಾಖೆಯವರು ಬಂದು ಕೇಳಲಿ, ಯೊನ್‌ಸಿಮ್ ಬಿದ್ದದ್ದು ಬೆಟ್ಟದಲ್ಲಿ, ಆಸ್ಪತ್ರೆ ಕಾಗದದಲ್ಲೇ ಇದೆ — ನನ್ನ ಕಾಗದ, ನನ್ನ ಬಾಯಿಂದ ಬಂದ ಬೆಟ್ಟ, ಅಕ್ಕನ ಬಾಯಿಗೆ ಸುತ್ತಿದ ಟೇಪು, ಇತ್ತ ಬಲಗಡೆಯ ಚಿತ್ರದಲ್ಲಿ ಮುರಿದ ಗುರುತೇ ಇಲ್ಲ, ಲೋಹ ಕರಗಿತು, ಗಾಯ ಕರಗಿತು, ಆ ಒಂದು ಪದ ಮಾತ್ರ ಹಾಗೇ ಉಳಿದಿದೆ, ಡಾಕ್ಟರು ನಗುತ್ತಾರೆ, ಇನ್ನು ಆರಾಮಾಗಿ ಬೆಟ್ಟಕ್ಕೆ ಹೋಗಿ, ನಾನೂ ಪ್ರತಿ ವಾರ ಹತ್ತೋನೇ, ಅಂದಹಾಗೆ ಯಾವ ಬೆಟ್ಟದಲ್ಲಿ ಬಿದ್ದಿದ್ದು ನೀವು, ಯಾವ ಬೆಟ್ಟ, ಒಂದಾದರೂ ಹೆಸರು, ಶೆಡ್ಡಿನ ಕಿಟಕಿಯಿಂದ ದಿನಾ ಕಾಣುವುದಕ್ಕೂ ಹೆಸರಿದೆ, ನಾಲಿಗೆಗೆ ಬರುತ್ತಿಲ್ಲ, ಬೆಟ್ಟ ಅಲ್ಲ ಡಾಕ್ಟರೇ, ಯಾರದು ಈ ದನಿ, ನನ್ನದೇ, ಎರಡನೇ ನಂಬರ್ ಯಂತ್ರ, ಗುಂಡಿಗೆ ಟೇಪು ಸುತ್ತಿದ್ರು, ಹಾಗೇ ಬರ್ಕೊಳ್ಳಿ, ಡಾಕ್ಟರ ಬೆರಳು ಕೀಲಿಮಣೆಯ ಮೇಲೆ ನಿಂತಿದೆ, ಬಾಗಿಲಾಚೆ ಟಾಕ್ ಕೆಮ್ಮುತ್ತಿದ್ದಾನೆ, ನಾನು ಎಡಗಡೆಯ ಚಿತ್ರವನ್ನೇ ನೋಡುತ್ತಿದ್ದೇನೆ, ಸ್ಕ್ರೂ, ಅದರ ಪಕ್ಕ ಒಂದು ಗುಳ್ಳೆ, ಮತ್ತೊಂದು, ಕರಿದು, ದುಂಡಗೆ, ಒಂದು ಗುಳ್ಳೆ