ಹೊಂಗೆಮರದವರೆಗೆ ಊರು

ಯಶೋದಮ್ಮನ ಮಂಡಿಗೂ ಹುಣಸೆಕೊಪ್ಪಲಿನ ಬಸ್ಸಿಗೂ ಮೂರು ವರ್ಷದಿಂದ ಜಗಳ. ಬಸ್ಸು ನಾಗಮಂಗಲದಿಂದ ಹೊರಟು, ಬಿಂಡಿಗನವಿಲೆ ದಾಟಿ, ಬೆಳಿಗ್ಗೆ ಆರೂವರೆಗೆ ಅರಳಿಕಟ್ಟೆಯ ಮುಂದೆ ಬಂದು ನಿಲ್ಲುತ್ತಿತ್ತು. ಅಲ್ಲೇ ಒಂದು ಗಿರಕಿ ಹೊಡೆದು ಬಂದ ದಾರಿಯಲ್ಲೇ ವಾಪಸ್ಸು. ಯಶೋದಮ್ಮನ ಮನೆ ಇದ್ದದ್ದು ಕಟ್ಟೆಯಿಂದ ಒಂದು ಕಿಲೋಮೀಟರು ಆಚೆ, ಕಾಲೋನಿಯಲ್ಲಿ. ನಡುವೆ ಒಂದು ಹಳ್ಳ. ಹಳ್ಳಕ್ಕೆ ಸೇತುವೆ ಇತ್ತು, ಮೇಲೆ ಟಾರು ಇತ್ತು, ಹಾಲಿನ ಲಾರಿ ದಿನಾ ಅದರ ಮೇಲೆ ಓಡಾಡುತ್ತಿತ್ತು. ಬಸ್ಸು ಮಾತ್ರ ಆ ಕಡೆ ಮೂತಿ ಹಾಕಿದ್ದಿಲ್ಲ.

ದಂಟು, ಸಬ್ಬಸಿಗೆ, ಮೆಂತ್ಯ ತುಂಬಿದ ಮಂಕರಿಯನ್ನು ತಲೆಯ ಮೇಲೆ ಹೊತ್ತು ಹಳ್ಳ ದಾಟಿ ಯಶೋದಮ್ಮ ಕಟ್ಟೆ ತಲುಪುವಷ್ಟರಲ್ಲಿ ಸೀಟುಗಳೆಲ್ಲ ಭರ್ತಿ. ನಾಗಮಂಗಲದವರೆಗೂ ಕಂಬ ಹಿಡಿದು ನಿಲ್ಲಬೇಕು. ನಾಗಮಂಗಲದ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ನೋಡಿ, ಇನ್ನು ಹೊರೆ ಹೊತ್ತು ನಡೆದರೆ ಈ ಮಂಡಿ ಸವೆದೇ ಹೋಗುತ್ತೆ ಅಂತ ಹೇಳಿಬಿಟ್ಟಿದ್ದರು. ಹಾಗಾದರೆ ಸೊಪ್ಪಿನ ವ್ಯಾಪಾರ ಬಿಡಬೇಕು. ವ್ಯಾಪಾರ ಬಿಡುವುದೆಂದರೆ ಬೆಳಗಿಂದ ಬೈಗಿನವರೆಗೆ ಮನೆಯಲ್ಲಿ ಗಂಡ ಮಂಚಯ್ಯನ ಮುಖವನ್ನೇ ನೋಡುತ್ತಾ ಕೂರುವುದು. ಮೂವತ್ತೆಂಟು ವರ್ಷ ನೋಡಿದ ಮುಖ ಅದು, ಹೊಸದಾಗಿ ನೋಡುವುದಕ್ಕೆ ಅದರಲ್ಲಿ ಏನೂ ಉಳಿದಿರಲಿಲ್ಲ. ಸಂತೆಯ ಗದ್ದಲವಿಲ್ಲದೆ ತಾನು ಒಣಗಿ ಹೋಗುತ್ತೇನೆ ಅಂತ ಯಶೋದಮ್ಮನಿಗೆ ನಿಜವಾಗಿಯೂ ಭಯವಾಗಿತ್ತು.

ಬಸ್ಸನ್ನು ಕಾಲೋನಿಯವರೆಗೂ ಬಿಡಿ ಅಂತ ಅವಳು ಅರ್ಜಿ ಕೊಟ್ಟಿದ್ದಳು. ಡಿಪೋ ಸಾಹೇಬರು ಒಳ್ಳೆಯ ಮನುಷ್ಯ, ತಾವೇ ವಿಚಾರಿಸಿದರು. ಆದರೆ ವಿಚಾರಿಸಿದ್ದು ಊರಿನ ಯಜಮಾನ ನರಸಯ್ಯನವರನ್ನು.

“ಸಾಹೇಬ್ರೇ, ಊರು ಕಟ್ಟೇಗೇ ಮುಗೀತು. ಕಾಲೋನಿ ಊರಾಚೆ ಐತೆ” ಅಂದರು ನರಸಯ್ಯ.

ಸಾಹೇಬರ ಕಾಗದದಲ್ಲಿ ಬಸ್ಸಿನ ದಾರಿ ‘ಹುಣಸೆಕೊಪ್ಪಲು ಊರಿನ ಕೊನೆಯವರೆಗೆ’ ಅಂತಿತ್ತು. ಊರೇ ಮುಗಿದ ಮೇಲೆ ಬಸ್ಸಿಗೇನು ಕೆಲಸ? ಅರ್ಜಿ ಅಲ್ಲಿಗೆ ಮಲಗಿತು. ನಿಜವಾದ ಕಾರಣ ಊರಲ್ಲಿ ಎಲ್ಲರಿಗೂ ಗೊತ್ತಿತ್ತು. ಬಸ್ಸು ಕಾಲೋನಿಗೆ ಹೋಗಿ ತಿರುಗಿದರೆ ಅಲ್ಲಿಯವರು ಮೊದಲು ಹತ್ತುತ್ತಾರೆ, ಮೊದಲು ಹತ್ತಿದವರು ಕೂರುತ್ತಾರೆ, ಕಟ್ಟೆಯವರು ನಿಲ್ಲಬೇಕಾಗುತ್ತದೆ. ಯಾರೂ ಇದನ್ನು ಬಾಯಿಬಿಟ್ಟು ಆಡಲಿಲ್ಲ. ಆಡದೆಯೂ ತಿಳಿಯುವ ಮಾತಿಗೆ ಬಾಯಿ ಯಾಕೆ ನೋಯಿಸಿಕೊಳ್ಳಬೇಕು?

ಹೀಗಿರುವಾಗ ಒಂದು ದಿನ ಪ್ರಜ್ಞ ಅನ್ನುವ ಹುಡುಗಿ ಕಾಲೋನಿಗೆ ಬಂದಳು. ಶ್ರೀರಂಗಪಟ್ಟಣದವಳು, ಮನೆಯವರದು ದೇವಸ್ಥಾನದ ಪೂಜೆ. ಮೈಸೂರಿನಲ್ಲಿ ಎಂ.ಎ. ಓದುತ್ತಿದ್ದಾಳಂತೆ, ಪ್ರಶ್ನೆ ಕೇಳಿ ಬರೆದುಕೊಳ್ಳುವುದೇ ಪರೀಕ್ಷೆಯಂತೆ. ಯಶೋದಮ್ಮ ಚಾಪೆ ಹಾಸಿ ಚೊಂಬಿನಲ್ಲಿ ನೀರು ತಂದಳು.

“ಬೇಡಮ್ಮ, ನನ್ನ ಹತ್ರ ಬಾಟ್ಲಿ ಇದೆ” ಅಂದಳು ಹುಡುಗಿ, ಬಹಳ ಮೃದುವಾಗಿ.

“ಇರ್ಲಿ ಬುಡು ಮಗಾ. ಇಲ್ಲಿಗೆ ಬರೋರೆಲ್ಲ ಬಾಟ್ಲಿ ತರೋರೇಯ” ಎಂದು ಯಶೋದಮ್ಮ ಚೊಂಬನ್ನು ಅಲ್ಲೇ ಪಕ್ಕದಲ್ಲಿಟ್ಟಳು.

ಹುಡುಗಿ ಹಾಳೆ ತೆಗೆದು ಓದಿದಳು. “ನಿಮ್ಮ ಗ್ರಾಮದಲ್ಲಿ ಸಾಮಾಜಿಕ ಪ್ರತ್ಯೇಕತೆ ಇದೆ ಎಂದು ನಿಮಗೆ ಅನಿಸುತ್ತದೆಯೇ? ಬಹಳ ಇದೆ, ಸ್ವಲ್ಪ ಇದೆ, ಇಲ್ಲವೇ ಇಲ್ಲ. ಇದರಲ್ಲಿ ಒಂದನ್ನ ಹೇಳಿ.”

“ಅಂಗಂದ್ರೆ?”

“ಅಂದ್ರೆ, ಇವರು ಬೇರೆ, ಅವರು ಬೇರೆ ಅಂತ ದೂರ ಇಡೋದು.”

ಯಶೋದಮ್ಮ ನಕ್ಕಳು. “ನಿಮ್ ಬೀದೀಲಿ ಯಾರ್ಯಾರು ಅವ್ರೆ ಮಗಾ?”

“ನಮ್ಮ ಬೀದೀಲಾ? ಎಲ್ಲ ನಮ್ಮೋರೇ” ಅಂದಳು ಪ್ರಜ್ಞ. ಅಂದವಳು ಪೆನ್ನಿನ ಮುಚ್ಚಳ ತೆಗೆದಳು, ಹಾಕಿದಳು, ಮತ್ತೆ ತೆಗೆದಳು. ಆಮೇಲೆ, “ಅಮ್ಮಾ, ಆ ನೀರು ಕೊಡ್ತೀರಾ?” ಅಂತ ಕೇಳಿ ಚೊಂಬೆತ್ತಿ ಗಟಗಟ ಕುಡಿದಳು. ಅವಳ ಬಾಟಲಿಯಲ್ಲಿ ಇನ್ನೂ ಅರ್ಧ ನೀರಿತ್ತು.

ಪರವಾಗಿಲ್ಲ, ಹುಡುಗಿಗೆ ಹೇಳಿದ್ದು ನಾಟುತ್ತೆ ಅಂದುಕೊಂಡಳು ಯಶೋದಮ್ಮ. “ನಂಗೆ ಅನ್ಸೋದ್ನ ಆಮೇಕೆ ಏಳ್ತೀನಿ. ಮೊದ್ಲು ಊರೊಳಕ್ಕೆ ಓಗನ ನಡಿ, ಅಲ್ಲಿ ಯಜಮಾನ್ರನ್ನ ಕೇಳುವಂತೆ.”

“ಊರೊಳಕ್ಕಾ?” ಹುಡುಗಿ ಹುಬ್ಬೇರಿಸಿದಳು. “ಈಗ ನಾವಿರೋದೂ ಊರಲ್ಲೇ ಅಲ್ವಾ ಅಮ್ಮಾ?”

ಚಪ್ಪಲಿ ಮೆಟ್ಟುತ್ತಿದ್ದ ಯಶೋದಮ್ಮನ ಕಾಲು ಹಾಗೇ ನಿಂತಿತು. ಹೌದಲ್ಲ! ಐವತ್ತೆಂಟು ವರ್ಷದಿಂದ ಅವಳು ‘ಊರೊಳಕ್ಕೆ ಹೋಗಿಬರ್ತೀನಿ’ ಅನ್ನುತ್ತಲೇ ಬಂದಿದ್ದಳು. ಅವಳ ಅವ್ವನೂ ಹಾಗೇ ಅನ್ನುತ್ತಿದ್ದಳು. ಆಧಾರ್ ಕಾರ್ಡಿನಲ್ಲಿ ಹುಣಸೆಕೊಪ್ಪಲು, ವೋಟಿನ ಚೀಟಿಯಲ್ಲಿ ಹುಣಸೆಕೊಪ್ಪಲು, ಬಾಯಲ್ಲಿ ಮಾತ್ರ ಊರಾಚೆ. ಹೊರಗಿಟ್ಟವರು ಇಟ್ಟರು, ತಾನೂ ಅದೇ ಮಾತನ್ನು ಹಾಡಿಕೊಂಡು ಓಡಾಡಿದೆನಲ್ಲ ಅಂತ ಅವಳಿಗೆ ತನ್ನ ಮೇಲೇ ಸಿಟ್ಟು ಬಂತು. ಆ ಸಿಟ್ಟಿನ ಹಿಂದೆಯೇ ಡಿಪೋದ ಕಾಗದದ ಮಾತೂ ನೆನಪಾಯಿತು. ಊರಿನ ಕೊನೆಯವರೆಗೆ. ಊರು ಎಲ್ಲಿಗೆ ಮುಗಿಯುತ್ತೆ ಅಂತ ಹೇಳುವವರು ಯಜಮಾನರೇ ತಾನೆ? ಸರಿ, ಅವರ ಬಾಯಲ್ಲೇ ಹೇಳಿಸೋಣ!

ನರಸಯ್ಯನವರ ಜಗಲಿಯ ಮೇಲೆ ಹುಡುಗಿಗೆ ಕುರ್ಚಿ ಬಂತು, ಕಾಫಿ ಬಂತು. ನಾಲ್ಕು ಜನ ಹಿರಿಯರೂ ಬಂದು ಕೂತರು. ಯಶೋದಮ್ಮ ಯಾವತ್ತಿನಂತೆ ಜಗಲಿಯ ಕೆಳಗೆ, ಬಿಸಿಲಲ್ಲಿ ನಿಂತಳು. ಮಂಡಿ ಚುಳುಕ್ ಅನ್ನುತ್ತಿತ್ತು. ಹುಡುಗಿ ಎದ್ದು, “ನೀವು ಕೂತ್ಕೊಳ್ಳಿ” ಅಂತ ಕುರ್ಚಿ ತೋರಿಸಿದರೆ ಅವಳು ಕಣ್ಣಲ್ಲೇ ‘ಸುಮ್ಮನಿರು’ ಅಂದಳು. ಈಗ ಕೂತರೆ ಆಟ ಕೆಡುತ್ತಿತ್ತು.

ಪ್ರಶ್ನೆ ಕೇಳಿ ನರಸಯ್ಯ ಕಿವಿ ಮುಟ್ಟಿಕೊಂಡರು. “ಉಂಟಾ ಕಣವ್ವಾ! ಅದೆಲ್ಲ ನಮ್ಮ ತಾತನ ಕಾಲಕ್ಕೇ ಓಯ್ತು. ಇಲ್ಲಿ ಎಲ್ಲಾರೂ ಒಂದೇ ತಾಯಿ ಮಕ್ಳಂಗೆ ಇದ್ದೀವಿ. ಬೇಕಾರೆ ಯಶೋದಿನೇ ಕೇಳು, ಅಲ್ಲೇ ನಿಂತವ್ಳೆ.”

“ಊ ಕಣ್ ಬುಡಿ ಯಜಮಾನ್ರೇ, ನಿಂತೇ ಇವ್ನಿ” ಅಂದಳು ಯಶೋದಮ್ಮ.

ಹುಡುಗಿ ಕೆಮ್ಮಿದಳು. ಹಿರಿಯರು ಒಬ್ಬರಾದ ಮೇಲೊಬ್ಬರು ತಲೆ ಆಡಿಸಿದರು. ಇಲ್ಲವೇ ಇಲ್ಲ, ಇಲ್ಲವೇ ಇಲ್ಲ, ಇಲ್ಲವೇ ಇಲ್ಲ. ಪ್ರಜ್ಞ ಮೂರನೆಯ ಚೌಕಕ್ಕೇ ಗುರುತು ಹಾಕುತ್ತಾ ಹೋದಳು.

ಯಶೋದಮ್ಮ ಗಲ್ಲದ ಮೇಲೆ ಕೈಯಿಟ್ಟುಕೊಂಡಳು. “ಅಲ್ಲಾ ಯಜಮಾನ್ರೇ, ಇಷ್ಟು ಒಳ್ಳೆ ಊರು ಅಂತ ಮೈಸೂರಿನ ಮೇಷ್ಟ್ರುಗಳು ನಂಬ್ತಾರಾ? ಈ ಮಗಾನೇ ಬರ್ಕಂಬಂದ್ಬುಟ್ಳು ಅಂತಾರೆ. ನಿಮ್ ಕೈಲೇ ಒಂದು ಕಾಗ್ದ ಬರ್ದು ಸೈನ್ ಹಾಕ್ಕೊಟ್ರೆ ಗಟ್ಟಿ. ಆಚೆ ಊರೋರು ಯಾರಾದ್ರೂ ಇಂಗೆ ಬರ್ಕೊಟ್ಟವ್ರಾ ಮಗಾ?”

“ಇಲ್ಲ, ಯಾರೂ ಕೊಟ್ಟಿಲ್ಲ” ಅಂದಳು ಹುಡುಗಿ. ಅದು ನಿಜವೇ, ಅವಳು ಯಾರನ್ನೂ ಕೇಳಿರಲಿಲ್ಲ.

ಆಚೆ ಊರಿನವರು ಕೊಟ್ಟಿಲ್ಲ ಅಂದದ್ದೇ ತಡ, ನರಸಯ್ಯ ಕನ್ನಡಕ ತರಿಸಿದರು. ತಾವೇ ಬಾಯಲ್ಲಿ ಹೇಳಿಕೊಳ್ಳುತ್ತಾ ಬರೆದರು. “ಹುಣಸೆಕೊಪ್ಪಲು ಒಂದೇ ಊರು. ಇಲ್ಲಿ ಭೇದ ಭಾವ ಇಲ್ಲ.”

“ಅಷ್ಟೇನಾ?” ಯಶೋದಮ್ಮನ ದನಿಯಲ್ಲಿ ಬೇಜಾರು ಇಳಿಯಿತು. “ಕಾಲೋನಿ ಹೆಸ್ರೇ ಇಲ್ವಲ್ಲ. ಓದ್ದೋರು ಕೇಳಾಕಿಲ್ವಾ, ಅವ್ರನ್ನ ಊರಿಗೆ ಸೇರಿಸ್ಕಂಡವ್ರೋ ಇಲ್ವೋ ಅಂತ?”

“ಅದ್ಕೇನಂತೆ, ಸೇರಿಸ್ತೀನಿ ತಗಾ” ಎಂದು ನರಸಯ್ಯ ಉದಾರವಾಗಿ ಪೆನ್ನು ಓಡಿಸಿದರು. “ಕಾಲೋನಿಯೂ ನಮ್ಮ ಊರೇ. ನಮ್ಮ ಊರು ಮಾರಿಗುಡಿಯಿಂದ ಶುರುವಾಗಿ, ಕಾಲೋನಿಯ ಕೊನೆಯ ಹೊಂಗೆಮರಕ್ಕೆ ಮುಗಿಯುತ್ತದೆ. ಸಾಕೇನಮ್ಮಿ?”

“ಈಗ ಸಂದಾಕಾಯ್ತು! ಇನ್ನೊಂದು ಪ್ರತಿ ಬರ್ಕೊಡಿ, ಫ್ರೇಮ್ ಹಾಕ್ಸಿ ಕಾಲೋನಿ ಭವನದಲ್ಲಿ ನೇತಾಕ್ತೀವಿ. ನಮ್ ಮಕ್ಳೂ ನಿಮ್ ಹೆಸ್ರು ಓದ್ಕಳ್ಳಲಿ.”

ಹೊಗಳಿಕೆ ಕಿವಿಗೆ ಬಿದ್ದಾಗ ನರಸಯ್ಯನವರ ಕೈ ಚುರುಕಾಗುತ್ತಿತ್ತು. ಎರಡು ಪ್ರತಿ ಬರೆದರು. ಐದು ಜನ ಸಹಿ ಹಾಕಿದರು. ಇಸವಿ, ತಾರೀಕು, ಯಜಮಾನಿಕೆಯ ಸೀಲು, ಎಲ್ಲ ಬಿತ್ತು.

ಕಾಗದಕ್ಕೆ ಫ್ರೇಮು ಬಿತ್ತು ನಿಜ, ಆದರೆ ಅದಕ್ಕೆ ಮುಂಚೆ ಅದು ಯಶೋದಮ್ಮ, ಮಂಚಯ್ಯರ ಜೊತೆ ಡಿಪೋಗೆ ಹೋಗಿಬಂತು. ಸಾಹೇಬರು ಹೊಸ ಕಾಗದವನ್ನೂ ಹಳೆಯ ಅರ್ಜಿಯನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರು, ಮೀಸೆಯೊಳಗೇ ನಕ್ಕರು, ಸ್ಪೀಕರ್ ಹಾಕಿ ನರಸಯ್ಯನವರಿಗೆ ಫೋನು ಹಚ್ಚಿದರು.

“ಯಜಮಾನ್ರೇ, ಊರು ಹೊಂಗೆಮರದವರೆಗೂ ಇದೆ ಅಂತ ನಿಮ್ಮ ಸೈನ್ ಇದೆ. ನಿಮ್ಮದೇನಾ?”

ಅಲ್ಲ ಅಂದರೆ ಮೈಸೂರಿಗೆ ಹೋದ ಪ್ರತಿ ಸುಳ್ಳಾಗುತ್ತದೆ. ಹೌದು ಅಂದರೆ ಸೀಟು ಹೋಗುತ್ತದೆ. ಪಾಪ, ಯಾವ ಕಡೆ ತಿರುಗಿದರೂ ತಮ್ಮದೇ ಅಕ್ಷರ.

“ನಂದೇಯಾ” ಅಂದರು ನರಸಯ್ಯ. ಫ್ಯಾನಿನ ಸದ್ದಿನಲ್ಲೂ ಯಶೋದಮ್ಮನಿಗೆ ಅದು ಸ್ಪಷ್ಟವಾಗಿ ಕೇಳಿಸಿತು. ಮಂಚಯ್ಯನ ತೋಳನ್ನು ಎಷ್ಟು ಜೋರಾಗಿ ಚಿವುಟಿದಳೆಂದರೆ ಅವನು “ಅಯ್ಯಪ್ಪಾ” ಅಂತ ಕೂಗಿಕೊಂಡ.

ಸೋಮವಾರ ಬೆಳಿಗ್ಗೆ ಬಸ್ಸು ಕಟ್ಟೆಯಲ್ಲಿ ತಿರುಗದೆ ಹಳ್ಳ ದಾಟಿತು. ಕಂಡಕ್ಟರ್ ಚಿಕ್ಕಸ್ವಾಮಿ ಬಾಗಿಲಲ್ಲೇ ನಿಂತು, “ಹುಣಸೆಕೊಪ್ಪಲು ಲಾಸ್ಟ್ ಸ್ಟಾಪ್, ಹೊಂಗೆಮರ!” ಅಂತ ಕೂಗಿದ. ಯಶೋದಮ್ಮ ಮಂಕರಿಯನ್ನು ಕಾಲಡಿ ಇಟ್ಟುಕೊಂಡು ಕಿಟಕಿಯ ಪಕ್ಕ ಕೂತಳು. ಹೊಟ್ಟೆ ತುಂಬಿದ ಮಗುವಿನ ಹಾಗೆ ಅವಳ ಮಂಡಿ ತೆಪ್ಪಗಿತ್ತು. ಕಟ್ಟೆಯ ಹತ್ತಿರ ಬಂದಾಗ ಊರಿನವರು ಹತ್ತಿ, ಸೀಟಿನಿಂದ ಸೀಟಿಗೆ ಕಣ್ಣು ಹಾಯಿಸಿ, ಕಂಬ ಹಿಡಿದರು.

ಒಂದು ವಾರ ಬಿಗುಮಾನ ನಡೆಯಿತು. ಎರಡನೆಯ ವಾರ ಊರಿನ ಕಾಲೇಜು ಹುಡುಗಿಯರು ಹಳ್ಳ ದಾಟಿ ಹೊಂಗೆಮರಕ್ಕೇ ಬಂದು ಹತ್ತತೊಡಗಿದರು. ಅವರ ಹಿಂದೆ ಅವರ ತಾಯಂದಿರು, ಆಮೇಲೆ ಬ್ಯಾಂಕಿಗೆ ಹೋಗುವವರು, ಆಸ್ಪತ್ರೆಗೆ ಹೋಗುವವರು. ಒಂದು ಕಿಲೋಮೀಟರು ನಡೆಯುವುದು ಮೈಗೆ ಒಳ್ಳೆಯದು ಅಂತ ಎಲ್ಲರಿಗೂ ಒಟ್ಟಿಗೇ ಹೊಳೆದುಬಿಟ್ಟಿತ್ತು. ಮಂಚಯ್ಯ ಮರದ ಕೆಳಗೆ ಒಂದು ಬೆಂಚು ಹಾಕಿದ. ಮೊದಮೊದಲು ಊರಿನವರು ಅದರ ಪಕ್ಕದಲ್ಲಿ ನಿಲ್ಲುತ್ತಿದ್ದರು, ಆಮೇಲೆ ಒರಗುತ್ತಿದ್ದರು.

ನರಸಯ್ಯ ಮಾತ್ರ ಬರಲಿಲ್ಲ. ಇಡೀ ತಿಂಗಳು ಅವರು ಕಟ್ಟೆಯಲ್ಲೇ ಹತ್ತಿ ನಾಗಮಂಗಲದವರೆಗೂ ನಿಂತೇ ಹೋದರು. ಅವರ ಮಂಡಿಗೂ ಅದೇ ಡಾಕ್ಟರ ಔಷಧಿ. ಬಸ್ಸು ಕುಲುಕಿದಾಗಲೆಲ್ಲ ಅವರ ಮುಖ ಹಿಂಡಿಕೊಳ್ಳುವುದನ್ನು ಯಶೋದಮ್ಮ ಕಿಟಕಿ ಪಕ್ಕದಿಂದ ನೋಡುತ್ತಿದ್ದಳು. ಮೊದಲ ದಿನ ಖುಷಿಯಾಗಿತ್ತು, ಅದನ್ನು ಮುಚ್ಚಿಡುವುದು ಯಾಕೆ? ಹತ್ತನೆಯ ದಿನದ ಹೊತ್ತಿಗೆ ಖುಷಿ ಹೋಗಿ ಕನಿಕರ ಬಂದಿತ್ತು. ಆ ನೋವು ಅವಳಿಗೆ ಹೊಸದಲ್ಲವಲ್ಲ. ಒಂದೆರಡು ಸಲ ಏಳೋಣ ಅನ್ನಿಸಿತು, ಏಳಲಿಲ್ಲ.

ಒಂದು ಬುಧವಾರ ನರಸಯ್ಯ ಹಳ್ಳ ದಾಟಿ ಬಂದರು. ಪಾಂಡವಪುರದಲ್ಲಿ ಕೆಲಸದಲ್ಲಿದ್ದ ಮಗ ನಾಗರಾಜುವಿನ ಮನೆಗೆ ಹೊರಟಿದ್ದರು, ನಾಗಮಂಗಲದಿಂದ ಆಚೆಗೂ ಇನ್ನೊಂದು ಬಸ್ಸು, ಅಷ್ಟು ದೂರ ನಿಂತು ಹೋಗಲು ಮಂಡಿ ಒಪ್ಪಿರಲಿಲ್ಲ. ಬಂದವರು ಬೆಂಚಿನಿಂದ ನಾಲ್ಕು ಮಾರು ದೂರದಲ್ಲಿ, ದಾರಿ ತಪ್ಪಿ ಬಂದವರಂತೆ, ಆಕಾಶ ನೋಡುತ್ತಾ ನಿಂತರು. ಬೆಂಚಿನ ಮೇಲೆ ಕೂತು ಸಬ್ಬಸಿಗೆಯ ಕಂತೆ ಕಟ್ಟುತ್ತಿದ್ದ ಯಶೋದಮ್ಮ ಕಂಡೂ ಕಾಣದ ಹಾಗಿದ್ದಳು.

ಅಷ್ಟರಲ್ಲಿ ಅವರ ಜೇಬಿನ ಫೋನು ಬಡಿದುಕೊಂಡಿತು. ಕಿವಿ ಸ್ವಲ್ಪ ಮಂದ, ಹಾಗಾಗಿ ಸ್ಪೀಕರ್ ಯಾವಾಗಲೂ ಆನ್.

“ಅಪ್ಪಾ, ಎಲ್ಲಿದ್ದೀಯಾ?” ನಾಗರಾಜುವಿನ ದನಿ ಮರದ ಕೆಳಗಿದ್ದ ಇಪ್ಪತ್ತು ಜನಕ್ಕೂ ಕೇಳಿಸಿತು. “ಕಟ್ಟೇಲಿ ನೀನಿಲ್ಲ ಅಂತಾವ್ರೆ. ಎಲ್ಲಿಗ್ ಓದೆ?”

ನರಸಯ್ಯ ಎಡಕ್ಕೆ ನೋಡಿದರು, ಹೊಂಗೆಮರ. ಬಲಕ್ಕೆ ನೋಡಿದರು, ಕಾಲೋನಿಯ ಮನೆಗಳ ಸಾಲು. ಮುಂದೆ ಊರಿನ ಕಾಲೇಜು ಹುಡುಗಿಯರು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಕಾಯುತ್ತಿದ್ದರು. ಕಾಲೋನಿಯಲ್ಲಿದ್ದೇನೆ ಅನ್ನಲು ಅವರಿಗೆ ಬಾಯಿ ಬರಲಿಲ್ಲ.

“ಊರಲ್ಲೇ ಇವ್ನಿ ಕಣ್ಲಾ!” ಅಂತ ರೇಗಿದರು. “ಊರಲ್ಲೇ! ಇನ್ನೆಲ್ಲಿರ್ಲಿ?”

ಯಶೋದಮ್ಮನ ಕೈಯಲ್ಲಿದ್ದ ಬಾಳೆನಾರು ಹಾಗೇ ನಿಂತಿತು. ಆವತ್ತು ಕಾಗದದ ಮೇಲೆ ಬರೆಸಿಕೊಂಡದ್ದು ಅವಳ ಜಾಣತನ. ಇದು ಯಾರೂ ಬರೆಸದೆ ಬಂದ ಮಾತು. ನಾಚಿಕೆಗೆ ಬಂದಿತ್ತೋ, ಸಿಟ್ಟಿಗೆ ಬಂದಿತ್ತೋ, ಬಂದದ್ದಂತೂ ನಿಜ. ಅವ್ವ ಇದ್ದಿದ್ದರೆ ಕೇಳಿಸಿಕೊಳ್ಳುತ್ತಿದ್ದಳಲ್ಲ ಅನ್ನಿಸಿ ಅವಳ ಕಣ್ಣು ತುಂಬಿತು. ಸೆರಗಿನಲ್ಲಿ ಒರೆಸಿಕೊಂಡು, ಸಬ್ಬಸಿಗೆಯ ಕಂತೆಗಳನ್ನೆಲ್ಲ ಮಂಕರಿಗೆ ಹಾಕಿ, ಬೆಂಚಿನ ಒಂದು ತುದಿಗೆ ಸರಿದಳು.

“ಊರಲ್ಲೇ ಇದ್ಮೇಲೆ ನಿಂತ್ಕಂಡೇ ಇರ್ತೀರಾ ಯಜಮಾನ್ರೇ? ಬನ್ನಿ, ಕೂತ್ಕಳಿ.”

ನರಸಯ್ಯ ಫೋನನ್ನು ಜೇಬಿಗಿಟ್ಟರು. ಒಂದು ಸಲ ಬಸ್ಸು ಬರುವ ದಿಕ್ಕಿಗೆ ನೋಡಿದರು. ಬಸ್ಸು ಇನ್ನೂ ಬಂದಿರಲಿಲ್ಲ.

“ಸ್ವಲ್ಪ ಜರುಗು ಯಶೋದಮ್ಮ” ಅಂದರು, ಮಂಡಿ ಹಿಡಿದುಕೊಂಡು ಕೂರುತ್ತಾ.