ಆರೋಪಿಯ ಹೆಸರು

೨೦೨೩ರ ಮಾರ್ಚ್ ೧೪, ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ನ್ಯಾಯಾಲಯದ ದಾಖಲೆ ಕೊಠಡಿಯ ಕಿಟಕಿಯಲ್ಲಿ, ಅಪಘಾತದಲ್ಲಿ ತೀರಿಕೊಂಡವರ ಹಳೆಯ ಕಡತ ಬೇಕೆಂದು ಅಪ್ಪನ ಹೆಸರು ಹೇಳಿದೆ.

“ಸತ್ತವರ ಹೆಸರಲ್ಲಿ ಹುಡುಕೋಕಾಗಲ್ಲಮ್ಮ. ಆರೋಪಿ ಹೆಸರು ಹೇಳಿ,” ಎಂದರು ಗುಮಾಸ್ತರು.

“ಪುಟ್ಟಮಾವ…”

“ಪುಟ್ಟಮಾವನ ಮೇಲೆ ಯಾವ ಕೋರ್ಟೂ ಕೇಸ್ ನಡೆಸಲ್ಲ ತಾಯಿ. ಪೂರ್ತಿ ಹೆಸರು ಬೇಕು.”

ಅಮ್ಮನ ತಮ್ಮ ಓಡಿಸುತ್ತಿದ್ದ ಲಾರಿಗೆ ಸಿಕ್ಕಿ ಅಪ್ಪ ತೀರಿಕೊಂಡಾಗ ನನಗೆ ಐದು ವರ್ಷ. ಆಮೇಲೆ ಮನೆಯಲ್ಲಿ ಯಾರೂ ಮಾವನ ಮಾತೆತ್ತಲಿಲ್ಲ. ಅವನ ನಿಜವಾದ ಹೆಸರು ನನಗೆ ಗೊತ್ತೇ ಇರಲಿಲ್ಲ. ಈಗ ಅವನು ಹಾಸಿಗೆ ಹಿಡಿದಿದ್ದಾನೆ, ತನ್ನ ಅಕ್ಕನನ್ನು ಒಮ್ಮೆ ನೋಡಬೇಕೆಂದು ಹೇಳಿಕಳಿಸಿದ್ದಾನೆ.

“ಬ್ರೇಕ್ ಹಾಕಿದ್ನೋ ಇಲ್ವೋ, ಅದೊಂದು ಗೊತ್ತಾಗ್ಲಿ. ಹೋಗೋದು ಬಿಡೋದು ಆಮೇಲೆ,” ಎಂದಿದ್ದಳು ಅಮ್ಮ.

ಈಗ ಅವಳು ನನ್ನ ಹಿಂದಿದ್ದ ಬೆಂಚಿನಿಂದ ಎದ್ದು ಬಂದು, ಕಿಟಕಿಯ ಕಂಬಿ ಹಿಡಿದು ತಮ್ಮನ ಹೆಸರು ಹೇಳಿದಳು. ಗುಮಾಸ್ತರಿಗೆ ಕೇಳಿಸಲಿಲ್ಲ. ಎರಡನೆಯ ಸಲ ಗಟ್ಟಿಯಾಗಿ ಹೇಳಿದಳು.

ಹೆಸರು, ವರ್ಷ ಎರಡೂ ತಾಳೆಯಾಗಿ ಪ್ರಕರಣದ ಸಂಖ್ಯೆ ಸಿಕ್ಕಿತು. ಅರ್ಜಿ ಬರೆದುಕೊಟ್ಟೆ. ವಾರದ ನಂತರ ಮೊಹರು ಹಾಕಿದ ನಕಲು ಕೈಸೇರಿತು.

ಸ್ಥಳ ಪರಿಶೀಲನೆಯ ಪುಟವನ್ನು ಅಮ್ಮ ನನ್ನಿಂದ ಎರಡು ಸಲ ಓದಿಸಿದಳು. ಕಣ್ಣೊರೆಸಿಕೊಂಡು, “ನಡಿ, ಕಾಯ್ತಿರ್ತಾನೆ,” ಎಂದಳು.

ನಾನು ಓದಿದ್ದು ಇಷ್ಟೇ: ಢಿಕ್ಕಿಯಾದ ಜಾಗಕ್ಕೆ ಮೊದಲು, ರಸ್ತೆಯ ಮೇಲೆ ಬ್ರೇಕಿನ ಗುರುತಿನ ಉದ್ದ ೧೮.೪ ಮೀಟರ್.