ಮೊದಲ ಸುತ್ತು ಬೆರಳಿನದು

ಅಂಗೈಯಲ್ಲಿ ಇನ್ನೂ ಆ ಕಿರ್ ಎನ್ನುವುದು ಉಳಿದಿದೆ, ಸದ್ದಲ್ಲ ಅದು, ಸದ್ದಾಗಿದ್ದರೆ ಮಾಮನಿಗೆ ಕೇಳಿಸದೆ ಇರುತ್ತಿರಲಿಲ್ಲ, ಬೀದಿಯ ತಿರುವಿನಲ್ಲಿ ಬರುವ ಗಾಡಿಯ ಯಾವ ಬೇರಿಂಗ್ ಸವೆದಿದೆ ಎಂದು ಕೂತಲ್ಲೇ ಹೇಳುವ ಕಿವಿ ಅವನದು — ಇದು ಅನ್ನದೊಳಗಿನ ಕಲ್ಲಿನ ಹಾಗೆ, ಕಚ್ಚಿದ ಹಲ್ಲಿಗೆ ಮಾತ್ರ ಗೊತ್ತು, ಸ್ಪ್ಯಾನರ್ ಹಿಡಿದ ಕೈಗೆ ಮಾತ್ರ ಗೊತ್ತು, ಮತ್ತು ಹಿಡಿದದ್ದು ತಾನು. ಏನೂ ಆಗಿರಲಿಕ್ಕಿಲ್ಲ ಎಂದು ಅವಳು ತನಗೆ ತಾನೇ ಹೇಳಿಕೊಂಡಳು, ಗ್ಯಾರೇಜಿನ ಮೂಲೆಯ ಸ್ಟೂಲಿನ ಮೇಲೆ ಮೊಣಕಾಲು ಜೋಡಿಸಿ ಕೂತು, ಕಪ್ಪಾದ ಬೆರಳುಗಳನ್ನು ಸ್ವೆಟರಿನ ತೋಳೊಳಗೆ ಎಳೆದುಕೊಂಡು, ಕಪ್ಪು ಕಾಣಬಾರದು, ಕಂಡರೆ ರೇಡಿಯೋ ಬಿಡುವವನಲ್ಲ, ಏನ್ ಟೀಚರಮ್ಮ, ಬರೆದೂ ಬರೆದೂ ಶಾಯಿ ಮೈಗೆಲ್ಲ ಏರಿತಾ — ರೇಡಿಯೋ ಎಂದರೆ ಈ ಲಾರಿಯ ಡ್ರೈವರು, ಬಾಯಿ ಆರಿಸುವ ಗುಂಡಿಯನ್ನೇ ದೇವರು ಇಡಲು ಮರೆತ ಎಂದು ಮಾಮನೇ ಕಟ್ಟಿದ ಹೆಸರು, ಅವನು ಒಂದು ಗಂಟೆ ಬಿಟ್ಟು ಬರ್ತೀನಿ ಮೇಸ್ತ್ರಿ, ಅಮ್ಮನಿಗೆ ಊಟ ಹಾಕಿಸ್ಕೊಂಡು, ಎಂದು ಹೋದವನು ಇಪ್ಪತ್ತೇ ನಿಮಿಷಕ್ಕೆ ತಿರುಗಿ ಬಂದ, ಹೋಟೆಲಿನ ಬಾಗಿಲು ಹಾಕಿತ್ತಂತೆ, ಅಷ್ಟೇ, ಅದೊಂದು ಬಾಗಿಲು ತೆರೆದಿದ್ದರೆ ತಾನೀಗ ಇಲ್ಲಿ ಹೀಗೆ ಕೂತು ಬೆವರುತ್ತಿರಲಿಲ್ಲ. ಇಂಜಿನ್ನಿನ ಮೂರು ಸ್ಪಾರ್ಕ್ ಪ್ಲಗ್ ಹಾಕಿ ಆಗಿತ್ತು, ಒಂದೊಂದೂ ಗಣೆ ನೆಟ್ಟ ಹಾಗೆ ನೆಟ್ಟಗೆ, ನಾಲ್ಕನೆಯದು ಕೈಯಲ್ಲಿತ್ತು, ಆಗ ಗೇಟಿನ ಹತ್ತಿರ ಅವನ ದನಿ, ಮಾಮ ಅವಳ ಮುಖ ನೋಡಿದ, ಬೇಗ ಪುಟ್ಟಿ ಎಂದ, ತುಟಿಯಲ್ಲೇ, ಅವಳು ರಬ್ಬರ್ ಪೈಪಿನ ತುಂಡನ್ನು ಬಿಟ್ಟು ಪ್ಲಗ್ಗನ್ನು ನೇರ ಸ್ಪ್ಯಾನರಿಗೇ ಸಿಕ್ಕಿಸಿ ತಿರುವಿದಳು, ಅರ್ಧ ಸುತ್ತಿಗೆ ಅದು ನಿಂತಿತು, ಬೇಡ ಎಂದು ಹೇಳಿತು, ಆದರೂ ಅವಳು ಒತ್ತಿದಳು — ಕಿರ್ — ಒತ್ತಿದಳು, ಸ್ಪ್ಯಾನರ್ ತೆಗೆದಾಗ ಕಂಡಿತು, ಮೂರರ ಪಕ್ಕದಲ್ಲಿ ನಾಲ್ಕನೆಯ ಪಿಂಗಾಣಿ, ಎಡಕ್ಕೆ ಒಂದು ಎಳೆಯಷ್ಟು ವಾಲಿದ ಬಿಳಿಯ ಕತ್ತು, ಅದರ ಮೇಲೆ ವೈರಿನ ಟೋಪಿ ಹಾಕಿ ಮುಚ್ಚಿಬಿಟ್ಟಳು, ಸ್ಪ್ಯಾನರನ್ನು ಮಾಮನ ಕೈಗೆ ತುರುಕಿದಳು, ಸ್ಟೂಲಿಗೆ ಓಡಿದಳು, ಎಲ್ಲ ಒಂದೇ ಉಸಿರಿನಲ್ಲಿ.

ಮೊದಲ ಸುತ್ತು ಬೆರಳಿನದು, ಕೊನೇ ಸುತ್ತು ಸ್ಪ್ಯಾನರಿನದು, ಬರ್ಕೋ ನಿನ್ನ ಪುಸ್ತಕದಲ್ಲಿ, ಎಂದಿದ್ದ ಮಾಮ ಮೊದಲ ದಿನ, ಅವಳು ನಿಜಕ್ಕೂ ಬರೆದುಕೊಂಡಿದ್ದಳು, ಡೈರಿಯಲ್ಲಿ, ಹೇಳಲಾಗದ್ದನ್ನೆಲ್ಲ ಬರೆದಿಡುವ ಅದೇ ಡೈರಿಯಲ್ಲಿ — ಇಂಜಿನ್ ಪೂರ್ತಿ ತಣ್ಣಗಾಗದೆ ಪ್ಲಗ್ ಮುಟ್ಟಬಾರದು, ಅಂಗೈ ಇಟ್ಟರೆ ಗೋಡೆ ಮುಟ್ಟಿದ ಹಾಗಿರಬೇಕು, ಬ್ಯಾಟರಿಯ ವೈರು ಬಿಚ್ಚಿಡಬೇಕು, ಪ್ಲಗ್ ಕೂರುವ ಗುಂಡಿಯ ಸುತ್ತ ಗಾಳಿ ಹೊಡೆದು ಮಣ್ಣು ಹಾರಿಸಬೇಕು, ಒಂದು ಕಾಳು ಮರಳು ಒಳಗೆ ಬಿದ್ದರೂ ಇಂಜಿನ್ನಿಗೆ ಅದು ಬಂಡೆ, ಒಂದು ಬಿಚ್ಚು ಒಂದು ಹಾಕು, ನಾಲ್ಕನ್ನೂ ಒಟ್ಟಿಗೆ ಬಿಚ್ಚಿ ವೈರು ಅದಲುಬದಲು ಮಾಡ್ಕೊಂಡು ಕೂರಬೇಡ, ಹೊಸ ಪ್ಲಗ್ಗಿನ ತಲೆಗೆ ಈ ರಬ್ಬರ್ ಪೈಪಿನ ತುಂಡು ಸಿಕ್ಕಿಸಿ ಬೆರಳಲ್ಲೇ ತಿರುವು, ಥ್ರೆಡ್ಡು, ಅಂದ್ರೆ ತಿರುಪಿನ ಗೆರೆ, ಸರಿಯಾಗಿ ಕೂತರೆ ತಾನಾಗೇ ಇಳಿಯುತ್ತೆ, ತಪ್ಪಿದರೆ ಪೈಪು ಜಾರುತ್ತೆ, ಪ್ಲಗ್ ಅಲ್ಲೇ ನಿಲ್ಲುತ್ತೆ, ಪೈಪಿಗೆ ಮರ್ಯಾದೆ ಇದೆ, ಸ್ಪ್ಯಾನರಿಗೆ ಇಲ್ಲ, ಅದು ಬೇಡ ಅಂದರೂ ನುಗ್ಗೋ ಜಾತಿ. ಆಗ ಮಾಮನ ಬಲಗೈ ಅಷ್ಟು ಕೆಟ್ಟಿರಲಿಲ್ಲ, ಬರೀ ಹೆಬ್ಬೆರಳು ಹಾರುತ್ತಿತ್ತು, ನರ ಎಳೀತಿದೆ ಅಷ್ಟೇ ಎನ್ನುತ್ತಿದ್ದ, ಈಗ ಅತ್ತೆ ಅವನಿಗೆ ಲೋಟದ ಅರ್ಧಕ್ಕೆ ಮಾತ್ರ ಚಹಾ ಹಾಕುತ್ತಾಳೆ, ಯಾಕೆ ಎಂದು ಯಾರೂ ಕೇಳುವುದಿಲ್ಲ, ಸ್ಪ್ಯಾನರ್ ಹಿಡಿದರೆ ಇಂಜಿನ್ನಿನ ಮೇಲೆ ಟಕಟಕ ಎನ್ನುತ್ತದೆ, ಬಾಗಿಲು ತಟ್ಟುವ ಹಾಗೆ, ಅದಕ್ಕೇ ಬೆಳಿಗ್ಗೆ ಬಂದ ಗಾಡಿಯನ್ನು ಮಧ್ಯಾಹ್ನದವರೆಗೂ ಆರಲು ಬಿಟ್ಟು, ಡ್ರೈವರುಗಳನ್ನು ಊಟಕ್ಕೆ ಕಳಿಸಿ, ಅವಳ ಕೈಯಲ್ಲಿ ಕೆಲಸ, ಅವರು ತಿರುಗಿ ಬಂದಾಗ ಮಾಮನ ಕೈಯಲ್ಲಿ ಸ್ಪ್ಯಾನರು, ಆರು ತಿಂಗಳಿಂದ ಇದೇ ನಾಟಕ. ಕೈ ಹೋದ ಮೇಸ್ತ್ರಿ ಅಂದರೆ ಕಣ್ಣು ಹೋದ ದರ್ಜಿ ಇದ್ದ ಹಾಗೆ, ಗೊತ್ತಾದರೆ ಒಂದು ಸೈಕಲ್ಲೂ ಈ ಗೇಟಿನೊಳಗೆ ಬರಲ್ಲ, ನಿನ್ನ ಬಾಯಿಂದ ಇದು ಆಚೆ ಬೀಳಬಾರದು ಪುಟ್ಟಿ, ಎಂದು ಹೇಳಿ ತಾನೇ ನಕ್ಕುಬಿಟ್ಟಿದ್ದ, ಅಲ್ಲ, ನಿನ್ನ ಬಾಯಿಂದ ಇಲ್ಲೀತನಕ ಏನು ತಾನೆ ಆಚೆ ಬಿದ್ದಿದೆ ಹೇಳು. ತಮಾಷೆಗೇ ಅಂದದ್ದು, ಆದರೂ ಅವತ್ತು ರಾತ್ರಿ ಅದನ್ನೂ ಬರೆದಿಟ್ಟಳು, ಟೀಚರ್ ಕೆಲಸಕ್ಕೆಂದು ಹೋದ ಸಂದರ್ಶನದಲ್ಲಿ ಮೂವರು ಎದುರು ಕೂತು ನಿಮ್ಮ ಬಗ್ಗೆ ಹೇಳಿ ಎಂದಾಗ ಮೇಜಿನ ಮೇಲಿನ ನೀರಿನ ಲೋಟ ನೋಡುತ್ತಾ ನಿಂತದ್ದನ್ನು ಬರೆದ ಪುಟದ ಕೆಳಗೇ, ಉತ್ತರ ಗೊತ್ತಿತ್ತು, ಮೂವರಲ್ಲಿ ಒಬ್ಬಳು ಪಾಪ ಎಂದಿದ್ದಳು, ಆ ಪಾಪ ಇನ್ನೂ ಕಿವಿಯಲ್ಲಿದೆ — ಮತ್ತೆ ಆ ಕತ್ತು, ಟೋಪಿಯೊಳಗೆ ವಾಲಿ ನಿಂತಿರುವ ಬಿಳಿಯ ಕತ್ತು, ಟೋಪಿ ಹಾಕಿದರೆ ಕಾಣುವುದಿಲ್ಲ ನಿಜ, ಕಾಣದಿದ್ದರೆ ನೆಟ್ಟಗಾಗುತ್ತದೆಯೇ.

ಎಷ್ಟು ಚೆನ್ನಾಗಿ ಮುಗಿಸಿಬಿಟ್ರಿ ಮೇಸ್ತ್ರಿ, ರೇಡಿಯೋ ಹಾಡುತ್ತಿದ್ದಾನೆ, ಇಪ್ಪತ್ತು ನಿಮಿಷ, ಬರೀ ಇಪ್ಪತ್ತು ನಿಮಿಷ, ಬೇರೆ ಕಡೆ ಆಗಿದ್ರೆ ಇಷ್ಟು ಹೊತ್ತಿಗೆ ಬಾನೆಟ್ಟೇ ತೆಗೀತಿರಲಿಲ್ಲ, ಕೈ ಅಂದ್ರೆ ಇದು ಕೈ, ಮಾಮ ಹೆಹ್ಹೆ ಎನ್ನುತ್ತಾನೆ, ಎಡಗೈಯಲ್ಲಿ ಸ್ಪ್ಯಾನರು, ಬಲಗೈ ಜೇಬಿನಲ್ಲಿ, ಜೇಬಿನ ಬಟ್ಟೆ ಒಳಗೆ ಹಕ್ಕಿ ಇಟ್ಟ ಹಾಗೆ ಮಿಡುಕುತ್ತಿದೆ, ಮತ್ತು ಈ ಕಡೆ ತಿರುಗಿ ಹುಬ್ಬು ಎತ್ತುತ್ತಾನೆ, ಆಯ್ತಾ, ಎಲ್ಲಾ ಸರಿಯಾ — ಅವಳ ತಲೆ ಆಡಿತು, ಹೌದು ಎಂದು, ಆಡಿದ ಮೇಲೆ ಅವಳಿಗೆ ಗೊತ್ತಾಯಿತು. ಯಾಕೆ ಆಡಿಸಿದೆ, ಬುದ್ಧಿಗೆಟ್ಟವಳೇ. ಹಾವೂ ಸಾಯದೆ ಕೋಲೂ ಮುರಿಯದೆ ಏನಾದರೂ ಹೇಳಬಹುದು, ಇನ್ನೊಂದ್ಸಲ ನೋಡೋಣ ಮಾಮ ಎನ್ನಬಹುದು, ಎಂದರೆ ವೈರಿನ ಟೋಪಿ ತೆಗೆಯಬೇಕು, ರೇಡಿಯೋ ಪಕ್ಕದಲ್ಲೇ ನಿಂತು ಬಗ್ಗಿ ನೋಡುತ್ತಾನೆ, ಆಗ ಒಳಗೆ ಕೈ ಹಾಕುವವರು ಯಾರು, ಮಾಮ ಹಾಕಬೇಕು, ಟಕಟಕ, ಅಲ್ಲಿಗೆ ಮುಗಿಯಿತು, ಸಂಜೆಯೊಳಗೆ ಊರಿನ ಎಲ್ಲ ಡ್ರೈವರಿಗೂ ಪ್ರಸಾರ. ಸುಮ್ಮನಿದ್ದರೆ — ಸುಮ್ಮನಿದ್ದರೆ ಏನೂ ಆಗದೆಯೂ ಇರಬಹುದು, ಎಷ್ಟೋ ಗಾಡಿಗಳು ಓಡುತ್ತವೆ, ಆದರೆ ಹೋದ ತಿಂಗಳು ಎಳೆದು ತಂದ ಆ ವ್ಯಾನು, ಥ್ರೆಡ್ ಕೆಟ್ಟ ಪ್ಲಗ್ ಏರಿನಲ್ಲಿ ಕಿತ್ತು ಹಾರಿ ಬಾನೆಟ್ಟಿನ ಒಳಮೈಗೆ ಹೊಡೆದಿತ್ತು, ಹೆಬ್ಬೆರಳಿನಷ್ಟು ಉಬ್ಬು, ಮಾಮ ಅದನ್ನು ಸವರಿ ತೋರಿಸಿದ್ದ, ಅದು ಪೆಟ್ರೋಲ್ ಗಾಡಿ ಪುಟ್ಟಿ, ಬಚಾವಾದ, ಗ್ಯಾಸಿನದಾಗಿದ್ದು ಕಿಡಿ ಹತ್ತಿದ್ದರೆ — ಇದು ಗ್ಯಾಸಿನಲ್ಲಿ ಓಡುವ ಲಾರಿ, ಹಿಂದೆ ಎಂಬತ್ತು ಕ್ಯಾನು ಕುಡಿಯುವ ನೀರು, ಹನ್ನೊಂದು ತಿರುವಿನ ಬೆಟ್ಟದ ದಾರಿ. ಅವಳು ಎದ್ದಳು, ಕಾಲು ತಾನಾಗೇ ಎದ್ದದ್ದು, ಮಾಮನ ಬೆನ್ನ ಹಿಂದೆ ನಿಂತು ಮಾಮ ಎಂದಳು, ದನಿ ಸೊಳ್ಳೆಯದು, ಆದರೂ ರೇಡಿಯೋಗೆ ಕೇಳಿಸಿತು, ಅಯ್ಯಯ್ಯೋ ಟೀಚರಮ್ಮ ಮಾತಾಡಿದ್ರು, ಮೇಸ್ತ್ರಿ, ತಾರೀಖು ಬರೆದಿಟ್ಕೊಳ್ಳಿ, ಎಲ್ಲಿ ಇನ್ನೊಂದ್ಸಲ, ಅವಳ ಮುಖಕ್ಕೆ ರಕ್ತ ನುಗ್ಗಿತು, ಏನಿಲ್ಲ ಎಂದಳು, ಏನಿಲ್ಲ ಎಂದವಳೂ ತಾನೇ, ಮಾಮ ಎಡಗೈಯಲ್ಲೇ ಬಾನೆಟ್ ಎಳೆದು ಬೀಳಿಸಿದ, ಧಡ್.

ಹತ್ತಮ್ಮ ಹತ್ತು, ಹುಷಾರು, ರೇಡಿಯೋ ತನ್ನ ತಾಯಿಯ ಸೊಂಟಕ್ಕೆ ಕೈ ಕೊಟ್ಟು ಮೇಲೆ ಹತ್ತಿಸುತ್ತಿದ್ದಾನೆ, ಮುದುಕಿ ಬೈಯುತ್ತಿದ್ದಾಳೆ, ಅಟ್ಟ ಹತ್ತಿಸಿದ ಹಾಗೆ ಹತ್ತಿಸ್ತೀಯಲ್ಲೋ, ನಿಮ್ಮಪ್ಪನ ಎತ್ತಿನ ಗಾಡಿಯೇ ವಾಸಿ ಇತ್ತು, ಅದಕ್ಕೆ ಬ್ರೇಕ್ ಇರ್ಲಿಲ್ಲ ಕಣಮ್ಮ, ನಿಮ್ಮಪ್ಪನಿಗೂ ಇರ್ಲಿಲ್ಲ ಬಿಡು, ಇಬ್ಬರೂ ನಗುತ್ತಾರೆ, ಮುದುಕಿಗೆ ಹಲ್ಲಿಲ್ಲ, ಬೆಟ್ಟದ ಮೇಲಿನ ತಂಗಿಯನ್ನು ನೋಡಲು ಹೊರಟಿದ್ದಾಳೆ, ಮಡಿಲಲ್ಲಿ ಕಿತ್ತಳೆಹಣ್ಣಿನ ಚೀಲ, ಕಿಟಕಿಯಿಂದ ಬಾಗಿ ಒಂದು ಹಣ್ಣನ್ನು ಚಾಚುತ್ತಾಳೆ, ತಗೋ ಮಗಳೇ, ಏನಿಷ್ಟು ಬಿಳಿಚಿಕೊಂಡಿದ್ದೀಯಾ, ಹೊಟ್ಟೆಗೆ ಹಾಕಿಲ್ವಾ ನಿಮ್ಮ ಮಾಮ, ಕೈ ಚಾಚಬೇಕು, ಚಾಚಿದರೆ ಕಪ್ಪು ಕಾಣುತ್ತದೆ, ಚಾಚದಿದ್ದರೆ ಮುದುಕಿಗೆ ಬೇಸರ, ಇಂಥ ಹೊತ್ತಿನಲ್ಲೂ ಇದೇ ಲೆಕ್ಕಾಚಾರವೇ ನಿನಗೆ, ಮಾಮ ಅವಳನ್ನೇ ನೋಡುತ್ತಿದ್ದಾನೆ, ಅವನ ಕಣ್ಣಲ್ಲಿ ಏನೋ, ಗೊತ್ತಾಯಿತೇ ಅವನಿಗೆ, ಅಥವಾ ಬೇಡ ಎನ್ನುತ್ತಿದ್ದಾನೆಯೇ, ಮಾಮ, ಅಪ್ಪ ಇಲ್ಲದ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಇದೇ ಗೇಟಿನೊಳಗೆ ಕರೆತಂದವನು, ಆ ಬಲಗೈಯೇ ಅಲ್ಲವೇ ನನ್ನ ಕಾಲು ಹಿಡಿದುಕೊಂಡಿದ್ದದ್ದು, ಅದನ್ನು ಊರಿಗೆಲ್ಲ ಬಿಚ್ಚಿ ತೋರಿಸಲೇ — ರೇಡಿಯೋ ಬಾಗಿಲು ಎಳೆದುಕೊಂಡ, ಬರ್ತೀವಿ ಮೇಸ್ತ್ರಿ, ಕೀಲಿಗೊಂಚಲು ಝಲ್ಲೆಂದಿತು, ಕತ್ತು, ಬಿಳಿಯ ಕತ್ತು, ಅದರ ಎದುರಿಗೆ ಮುದುಕಿಯ ಮೊಣಕಾಲು, ಬಿಳಿಯ ಕತ್ತು ಎಡಕ್ಕೆ ಒಂದು ಎಳೆ, ಬೇರೇನೂ ಇಲ್ಲ, ಅದೊಂದೇ, ಎಡಕ್ಕೆ —

ಸ್ಟಾರ್ಟ್ ಮಾಡಬೇಡಿ, ನಾಲ್ಕನೇದು ಓರೆ ಕೂತಿದೆ, ಹಾಕಿದ್ದು ಮಾಮ ಅಲ್ಲ, ನಾನು.